ಕನೇಲೊಗೆ ಹಾಕಿದ ಹುರುಳಿ

ಆಗೆಲ್ಲ ಗಿಲ್‌ರಾಯ್‌ ಊರಿನ ನಮ್ಮ ಬೀದಿ ಬೇಸಿಗೆಯಿಡೀ ಸುತ್ತಲ ಹೊಲಗಳ ಬೆಳ್ಳುಳ್ಳಿ ನಾರುತ್ತಿತ್ತು. ಒಗೆದು ಮಡಿಸಿಟ್ಟ ಲಂಗದಲ್ಲೂ ಅದೇ ವಾಸನೆ. ನನಗೆ ಒಂಬತ್ತು ವರ್ಷ. ಅಪ್ಪನ ಆಫೀಸು ದೂರದ ಫಾಸ್ಟರ್ ಸಿಟಿಯಲ್ಲಿ. ಆ ವರ್ಷ ಮಾತ್ರ ಅವರು ಇನ್ನಷ್ಟು ಬೇಗ ಎದ್ದು, ಬೇಲಿ ದಾಟಿ, ಪಕ್ಕದ ಮನೆಯ ರೋಸಾ ಅವರ ಕುದುರೆಯ ಕಾಲಿಗೆ ಪೈಪಿನಿಂದ ತಣ್ಣೀರು ಬಿಟ್ಟು, ಪಟ್ಟಿ ಸುತ್ತಿ, ಆಮೇಲೆ ಕಾರು ಹತ್ತುತ್ತಿದ್ದರು.

ಕುದುರೆಯ ಹೆಸರು ಕನೇಲೊ. ದಾಲ್ಚಿನ್ನಿ ಚಕ್ಕೆಯ ಬಣ್ಣ. ಬಲ ಮುಂಗಾಲಿನ ಹಿಂಬದಿಯ ಟೆಂಡನ್, ಸ್ನಾಯುವನ್ನು ಮೂಳೆಗೆ ಬಿಗಿಯುವ ನಾರು, ಹರಿದಿತ್ತು. ಒಂಟಿಯಾಗಿದ್ದ ರೋಸಾಗೆ ಆರೈಕೆ ಮಾಡುವ ಶಕ್ತಿ ಇರಲಿಲ್ಲ. ಇಂಜೆಕ್ಷನ್ ಕೊಡಿಸಿ ಮುಗಿಸಿಬಿಡುತ್ತೇನೆ ಎಂದಿದ್ದರು. ಅಪ್ಪನ ಅಜ್ಜ ಮಂಡ್ಯದಲ್ಲಿ ಜಟಕಾ ಓಡಿಸಿದವರು. "ಆರು ತಿಂಗಳು ನನಗೆ ಬಿಡಿ" ಎಂದು ಅಪ್ಪ ಬೇಡಿಕೊಂಡರು. ಕುದುರೆಯ ಡಾಕ್ಟರು ಹೇಳಿದ್ದು ಇಷ್ಟು: ಲಾಯದಲ್ಲೇ ಇರಬೇಕು. ಹಗ್ಗ ಹಿಡಿದು ಮೊದಲು ಐದು ನಿಮಿಷ, ಆಮೇಲೆ ಹತ್ತು ನಿಮಿಷ ನಡೆಸಬೇಕು. ಒಣಹುಲ್ಲು ಬಿಟ್ಟು ಕಾಳು ಹಾಕಬಾರದು. ಇನ್ನೊಮ್ಮೆ ಹರಿದರೆ ಉಳಿಯುವುದಿಲ್ಲ.

ಓಡುವ ಪ್ರಾಣಿಯನ್ನು ನಾಲ್ಕು ಹಲಗೆಗಳ ನಡುವೆ ನಿಲ್ಲಿಸಿದರೆ ಏನಾಗುತ್ತದೆಂದು ಆ ಬೇಸಿಗೆ ನೋಡಿದೆ. ಕನೇಲೊ ಬಾಗಿಲನ್ನು ಒದ್ದು ಸೀಳಿತು. ತನ್ನ ಎದೆಯನ್ನೇ ಕಚ್ಚಿಕೊಂಡು ಚರ್ಮ ಕಿತ್ತುಕೊಂಡಿತು. ಅಪ್ಪನ ತೋಳಿಗೆ ಬಾಯಿ ಹಾಕಿದಾಗ ಹಲ್ಲಿನ ಗುರುತು ವಾರಗಟ್ಟಲೆ ಹಸಿರುಗಟ್ಟಿತ್ತು. ರೋಸಾ ಅದರ ಮೂಗಿನ ಮೇಲೆ ಸರಪಣಿ ಹಾಕಿ ರಕ್ತ ಬರುವವರೆಗೆ ಜಗ್ಗಿದರು. ಅಪ್ಪ ಮಾತ್ರ ಒಮ್ಮೆಯೂ ಕೈಯೆತ್ತಲಿಲ್ಲ.

"ಅದರ ಜೊತೇನೇ ಸಂಸಾರ ಮಾಡ್ರೀ ನೀವು" ಎಂದು ಅಮ್ಮ ತೋಳಿಗೆ ಅರಿಶಿನ ಹಚ್ಚುತ್ತಿದ್ದರು.

"ನಿನ್ನಷ್ಟು ಜೋರಿಲ್ಲ ಬಿಡು ಅದು" ಎನ್ನುತ್ತಿದ್ದರು ಅಪ್ಪ.

ಒಮ್ಮೆ ಅವರು, ಜಟಕಾ ಕುದುರೆಗೆ ಅಜ್ಜ ನೆನೆಸಿದ ಹುರುಳಿ ಹಾಕುತ್ತಿದ್ದ ಕತೆ ಹೇಳಿದರು. ಮೈಯೆಲ್ಲ ಮಿಂಚುತ್ತಿತ್ತಂತೆ.

"ನಾವೂ ಕೊಡೋಣ, ಅಪ್ಪ. ಪ್ಲೀಸ್!"

"ಬ್ಯಾಡ ಕಣವ್ವ. ಅದು ದುಡಿಯೋ ಕುದುರೆಗೆ. ನಿಂತಿರೋದಕ್ಕೆ ಕೊಟ್ರೆ ಕಾವೇರ್ತದೆ, ಹಿಡಿಯೋಕಾಗಲ್ಲ."

ನಾನು ಕೇಳಲಿಲ್ಲ. ಸಾರಿಗೆಂದು ಅಮ್ಮ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದ ಮೊಳಕೆ ಹುರುಳಿಯಿಂದ ದಿನಾ ಮಧ್ಯಾಹ್ನ ಎರಡು ಹಿಡಿ ಕದ್ದು ಒಯ್ದೆ. ಅಪ್ಪನನ್ನು ಕಚ್ಚುವ ಕುದುರೆ ನನ್ನ ಅಂಗೈ ನೆಕ್ಕುತ್ತಿತ್ತು. ಬಿಸಿ ತುಟಿ, ಹಸಿ ಕಾಳಿನ ವಾಸನೆ. ಎರಡು ಹಿಡಿ ಮೂರಾಯಿತು, ನಾಲ್ಕಾಯಿತು.

ನಾಲ್ಕನೆಯ ತಿಂಗಳು ಒಂದು ಶನಿವಾರ. ಅಪ್ಪ ಇಪ್ಪತ್ತು ನಿಮಿಷದ ನಡಿಗೆಗೆ ಅದನ್ನು ಹೊರಗೆ ತಂದರು. ನಾನು ಬಟ್ಟಲು ಹಿಡಿದು ಲಾಯದ ಪಕ್ಕ ಅಡಗಿದ್ದೆ. ರಸ್ತೆಯಲ್ಲಿ ಟ್ರಕ್ಕೊಂದು ಸದ್ದು ಮಾಡಿದ್ದೇ ನೆಪ, ಕನೇಲೊ ಹಿಂಗಾಲ ಮೇಲೆ ಎದ್ದು ನಿಂತಿತು. ಅಪ್ಪ ಹಗ್ಗ ಬಿಡಲಿಲ್ಲ. ಅದು ತಿರುಗಿ ಒದ್ದ ಏಟಿಗೆ ಅವರು ಎಡ ಪಕ್ಕೆ ಹಲಗೆಗೆ ಬಡಿದು ಬಿದ್ದರು. ಒಣಕಡ್ಡಿ ಮುರಿದಂಥ ಸದ್ದು. ಕನೇಲೊ ಬೇಲಿಯವರೆಗೆ ಓಡಿತು. ಅಲ್ಲಿ ಬಲಗಾಲು ಕುಸಿಯಿತು. ಗೊರಸಿನ ಮೇಲಿನ ಗೆಣ್ಣು ನೆಲಕ್ಕೆ ತಾಗಿತ್ತು. ಅದು ಮೂರು ಕಾಲಿನ ಮೇಲೆ ನಡುಗುತ್ತ ಕಿರುಚಿತು. ಕುದುರೆ ಕಿರುಚುವುದನ್ನು ನಾನು ಅದೊಂದೇ ಸಲ ಕೇಳಿದ್ದು.

ನನ್ನ ಕೈಯಿಂದ ಬಟ್ಟಲು ಬಿತ್ತು.

ಅಪ್ಪ ತಿರುಗಿ ನೋಡಿದರು. ಬಾಯಲ್ಲಿ ರಕ್ತ. ತೆವಳಿಕೊಂಡು ಬಂದು, ಚೆಲ್ಲಿದ ಹುರುಳಿಯನ್ನು ಮಣ್ಣಿನ ಸಮೇತ ಬಾಚಿ ಜಾಕೆಟ್ಟಿನ ಜೇಬಿಗೆ ತುಂಬಿಕೊಂಡರು. "ಮನೇಗ್ ಹೋಗು" ಎಂದರು. ನಾನು ಕದಲಲಿಲ್ಲ.

ಓಡಿ ಬಂದ ರೋಸಾಗೆ ಜೇಬಿನಿಂದ ಉದುರುತ್ತಿದ್ದ ಕಾಳು ಕಂಡಿತು.

"ಯಾರು ಹಾಕಿದ್ದು ಇದನ್ನ?"

"ನಾನೇ" ಎಂದರು ಅಪ್ಪ. "ನಮ್ಮೂರ ಕಡೆ ಹಾಕ್ತೀವಿ."

ರೋಸಾ ನೆಲದಲ್ಲಿದ್ದ ಸರಪಣಿಯ ಹಗ್ಗವನ್ನು ಎತ್ತಿ ಅಪ್ಪನ ಮುಖಕ್ಕೆ ಬೀಸಿ ಹೊಡೆದರು. ಹುಬ್ಬು ಸೀಳಿತು. ಮತ್ತೊಂದು ಏಟು ಹೆಗಲಿಗೆ. ಅಪ್ಪ ಕೈ ಅಡ್ಡ ತರಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ಮಧ್ಯಾಹ್ನ ಡಾಕ್ಟರು ಇಂಜೆಕ್ಷನ್ ಹಿಡಿದು ಬಂದರು. ಕನೇಲೊ ನೆಲಕ್ಕೆ ಬಿದ್ದ ಸದ್ದು ನಮ್ಮ ಅಡುಗೆಮನೆಯವರೆಗೂ ಕೇಳಿಸಿತು.

ಅಪ್ಪ ಆ ಬೇಲಿಯನ್ನು ಮತ್ತೆಂದೂ ದಾಟಲಿಲ್ಲ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ಹೇಳಬೇಕೆಂದು ಎಷ್ಟೋ ಸಲ ಅಪ್ಪನ ಪಕ್ಕ ಹೋಗಿ ಕೂತಿದ್ದೇನೆ. "ಏನವ್ವ?" ಎಂದರೆ "ಸುಮ್ನೆ" ಎಂದು ಎದ್ದುಬಿಡುತ್ತಿದ್ದೆ.

ಈ ಚಳಿಗಾಲ ಅಪ್ಪ ಹೋದರು. ತಿಥಿಯ ದಿನ ರೋಸಾ ವಾಕರ್ ಹಿಡಿದು, ಬೇಲಿ ಸುತ್ತಿಕೊಂಡು ಬಂದರು. ಫೋಟೋದಲ್ಲಿ ಅಪ್ಪನ ಹುಬ್ಬಿನ ಕಲೆಯನ್ನೇ ನೋಡುತ್ತ, "ಒಳ್ಳೆಯವನು. ಅದೊಂದು ತಪ್ಪು ಮಾಡಿದ" ಎಂದರು.

"ಮಾಡಿದ್ದು ನಾನು" ಎಂದೆ.

ಅವರು ಫೋಟೋದಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು. "ಅವನ ಹತ್ತಿರ ಹೇಳಿದ್ದೆಯಾ?" ಎಂದು ಕೇಳಿದರು.

ಹೊಲಗಳಿದ್ದ ಕಡೆ ಈಗ ಮನೆಗಳೆದ್ದಿವೆ, ಲಾಯವೂ ಇಲ್ಲ. ಮಳೆ ಹಿಡಿದ ದಿನ ಅಪ್ಪ ಎಡ ಪಕ್ಕೆಯನ್ನು ಒತ್ತಿಕೊಳ್ಳುತ್ತಿದ್ದರು. ನೋವಾ ಎಂದು ಕೇಳಿದರೆ, "ಏನಿಲ್ಲ ಕಣವ್ವ, ಚಳಿ" ಎನ್ನುತ್ತಿದ್ದರು. ನಾನು ಹೋಗಿ ಶಾಲು ತಂದು ಹೊದಿಸುತ್ತಿದ್ದೆ.