ಜಗಳೂರಿನ ಗುಡ್ಡದ ಮೇಲೊಂದು ಆತ್ಮೀಯ ಮದುವೆ

ಹೊನ್ನಾಳಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನ ಫೋಟೋ ಸ್ಟುಡಿಯೋ ಇದೆ. ಅಪ್ಪ ನಡೆಸುತ್ತಿದ್ದುದನ್ನು ಈಗ ಮಗಳಾದ ನಾನು ನಡೆಸುತ್ತೇನೆ. ಮದುವೆಯೆಂದರೆ ನನಗೆ ಕಲ್ಯಾಣಮಂಟಪ, ವೇದಿಕೆಯ ಮೇಲೆ ಸಾಲುಗಟ್ಟುವ ಜನ, ಬಾಯಿ ತುಂಬ ಅನ್ನವಿಟ್ಟುಕೊಂಡೇ ಕ್ಯಾಮೆರಾ ಕಂಡು ನಗಲು ಹೋಗುವ ಬೀಗರು. ಹೋದ ವರ್ಷ ಚನ್ನಗಿರಿಯ ಹುಡುಗಿಯೊಬ್ಬಳು ಬಂದು, "ನಮ್ಮದು ಇಂಟಿಮೇಟ್ ಡೆಸ್ಟಿನೇಶನ್ ವೆಡ್ಡಿಂಗ್ ರೀ, ಬಹಳ ಅರ್ಥಪೂರ್ಣವಾಗಿ ಮಾಡ್ಕೊಳ್ತಿದೀವಿ" ಎಂದಳು. ಹುಡುಗ ನ್ಯಾಮತಿಯವನು. ಇಬ್ಬರೂ ದಾವಣಗೆರೆಯಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದರು.

"ಎಲ್ಲಿ, ಗೋವಾನಾ?" ಎಂದೆ.

"ಜಗಳೂರು."

ಜಗಳೂರಿಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಅದು ಡೆಸ್ಟಿನೇಶನ್ ಎಂದು ಮಾತ್ರ ಗೊತ್ತಿರಲಿಲ್ಲ.

ಊರಾಚೆಯ ಬೋಳು ಗುಡ್ಡ, ಹಿಂದೆ ಸಾಲಾಗಿ ತಿರುಗುವ ಗಾಳಿಯಂತ್ರಗಳು. ಅದನ್ನು ಯಾರದೋ ಫೋನಿನಲ್ಲಿ ನೋಡಿ ಇಬ್ಬರೂ ಮರುಳಾಗಿದ್ದರು. ಗಾಳಿಯಂತ್ರ ನಿಲ್ಲಿಸಿದ ಕಡೆ ಗಾಳಿ ಬೀಸುತ್ತದೆ ಎಂಬುದು ಅವರಿಗಾಗಲಿ, ಅವರು ಗೊತ್ತುಮಾಡಿದ್ದ ಇವೆಂಟ್ ಮ್ಯಾನೇಜರಿಗಾಗಲಿ ಹೊಳೆದಿರಲಿಲ್ಲ.

ಆತ್ಮೀಯರು ನಲವತ್ತೇ ಜನ ಎಂದು ತೀರ್ಮಾನವಾಗಿತ್ತು. ಹುಡುಗಿಯನ್ನು ಕಂಕುಳಲ್ಲಿ ಎತ್ತಿ ಬೆಳೆಸಿದ ಇಬ್ಬರು ಸೋದರತ್ತೆಯರು ಆ ಲೆಕ್ಕದೊಳಗೆ ಹಿಡಿಸಲಿಲ್ಲ. ಬ್ಯಾಂಕಿನ ಗೆಳೆಯರು ಮಾತ್ರ ಎಲ್ಲರೂ ಹಿಡಿಸಿದರು, ಆರು ತಿಂಗಳ ಹಿಂದಷ್ಟೇ ವರ್ಗವಾಗಿ ಬಂದವನೂ ಸೇರಿ. ಅವರಿಗೆ ಬಟ್ಟೆ ಹಾಕಿಕೊಳ್ಳುವುದು ಗೊತ್ತಿತ್ತು. ಎಲ್ಲರೂ ಗೋಧಿಹಿಟ್ಟಿನ ಬಣ್ಣದ್ದನ್ನೇ ಉಡಬೇಕೆಂದು ಕಟ್ಟಪ್ಪಣೆಯಾಗಿತ್ತು, ಫೋಟೋ ಚೆನ್ನಾಗಿ ಬರಲಿ ಎಂದು. ಗಂಡಿನ ಅಜ್ಜಿ ಗಿಣಿಹಸಿರು ಸೀರೆ ಉಟ್ಟು, ಮುಡಿ ತುಂಬ ಕನಕಾಂಬರ ಮುಡಿದು ಕಾರಿನಿಂದಿಳಿದರು. ಮ್ಯಾನೇಜರು ಓಡಿಹೋಗಿ, "ಅಜ್ಜಿ, ನೀವು ಸ್ವಲ್ಪ ಹಿಂದಿನ ಸಾಲಿನಾಗೆ ಕುಂತ್ಕೊಳ್ರಿ" ಎಂದ.

"ಹಿಂದೆ ಕುಂತು ಅಕ್ಕಿಕಾಳು ನಿನ್ನ ತಲೆ ಮ್ಯಾಲೆ ಹಾಕ್ಲೇನಪ್ಪಾ?" ಎಂದು ಅಜ್ಜಿ ಮುಂದಿನ ಕುರ್ಚಿಯಲ್ಲೇ ಕೂತರು. ಅವತ್ತಿನ ಫೋಟೋಗಳಲ್ಲಿ ಬಣ್ಣ ಎಂದು ಏನಾದರೂ ಇದ್ದರೆ ಅದು ಅವರೊಬ್ಬರದೇ.

ತಾಳಿಗೆ ಮುಂಚೆ ಗಂಡುಹೆಣ್ಣು ತಾವೇ ಬರೆದ ಮಾತುಗಳನ್ನು ಓದಬೇಕಿತ್ತು. ಹುಡುಗ ಹಾಳೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, "ನಿನ್ನ ಮೌನವನ್ನೂ ನಾನು ಕೇಳಿಸಿಕೊಳ್ಳುತ್ತೇನೆ" ಎಂದು ಓದಿದ. ಮೈಕಿನಲ್ಲಿ ಬರೀ ಗಾಳಿಯ ಸದ್ದು.

"ಏನಂದ್ರಿ?" ಎಂದಳು ಹುಡುಗಿ.

ಅವನು ಅದನ್ನು ಕೂಗಿ ಹೇಳಿದ. ಮೌನದ ಬಗ್ಗೆ ಯಾರಾದರೂ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಮೊದಲ ಸಲ ಕೇಳಿದ್ದು.

ಆಮೇಲೆ ತಾಳಿ ಕಟ್ಟುವ ಹೊತ್ತು ಬಂತು. ನಾನು ಮಂಡಿಯೂರಿ, ಗುರಿ ಹಿಡಿದು ಕೂತಿದ್ದೆ. ಹುಡುಗ ಕೈ ಎತ್ತಿದ್ದೇ ತಡ, ಅಷ್ಟೂ ಆತ್ಮೀಯರು ಒಟ್ಟಿಗೆ ಎದ್ದು ಫೋನು ಹಿಡಿದು ಮುನ್ನುಗ್ಗಿದರು. ಸಾವಿರ ಜನರ ಮದುವೆಯಲ್ಲಿ ಗದರಿಸಿ ಹಿಂದೆ ತಳ್ಳಬಹುದು. ಇವರು ಆತ್ಮೀಯರು, ಹೇಗೆ ತಳ್ಳಲಿ? ಅದೇ ಗಳಿಗೆಯಲ್ಲಿ ಗಾಳಿ ಹುಡುಗಿಯ ಸೆರಗನ್ನು ಎತ್ತಿ ಹುಡುಗನ ಮುಖಕ್ಕೆ ಸುತ್ತಿತು. ಅವನು ಏನೂ ಕಾಣದೆ ಅಂದಾಜಿನ ಮೇಲೆ ಗಂಟು ಹಾಕಿದ. ಗಂಟು ಸರಿಯಾಗಿಯೇ ಬಿತ್ತು. ನನ್ನ ಕ್ಯಾಮೆರಾದಲ್ಲಿ ಬಿದ್ದದ್ದು ಮಾತ್ರ ಒಂದು ಮೊಣಕೈ ಮತ್ತು ಮೂರು ಫೋನುಗಳ ಬೆನ್ನು.

ತೋರಿಸಿದೆ. ಹುಡುಗಿ ಅತ್ತಳು. ಬೆಳಗಿನಿಂದ "ಸ್ವಲ್ಪ ಎಮೋಷನಲ್ ಆಗಿ ಮೇಡಂ" ಎಂದು ಬೇಡುತ್ತಿದ್ದ ಮ್ಯಾನೇಜರು, "ಇದನ್ನ ತಗೀರಿ, ಇದನ್ನ ತಗೀರಿ" ಎಂದು ನನ್ನ ಭುಜ ತಟ್ಟಿದ. ನಾನು ತೆಗೆಯಲಿಲ್ಲ.

"ಇನ್ನೊಂದು ಸಲ ಕಟ್ಟಿಬಿಡೋಣ" ಎಂದ ಹುಡುಗ.

ಅಜ್ಜಿ ಕುರ್ಚಿಯಿಂದ ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಕಟ್ಟು. ಅದಕ್ಕೂ ಮುಂಚೆ ಮೊದಲ್ನೇದು ಬಿಚ್ಚಬೇಕಾಗ್ತೈತೆ. ಬಿಚ್ಚಾಕೆ ಯಾರನ್ನ ಕರೀತೀಯ, ಹೇಳು."

ಕೊನೆಗೆ ಮ್ಯಾನೇಜರೇ ದಾರಿ ಹುಡುಕಿದ. ಬೇಕಾದದ್ದು ಕೈಗಳು ಮತ್ತು ಕುತ್ತಿಗೆ ಮಾತ್ರ, ಮುಖ ಬೇಡ. ಗಂಡಿನ ಅಕ್ಕನ ಕೈಗೂ ಮದುಮಗಳಂಥದ್ದೇ ಮೆಹಂದಿ ಇದೆ. ಆಕೆಯ ಗಂಡನೂ ಇಲ್ಲೇ ಇದ್ದಾನೆ. ಅವರಿಂದ ಒಂದು ಅರಿಶಿನದ ದಾರ ಕಟ್ಟಿಸಿದರೆ ಆಯಿತು.

ಆ ಗಂಡಹೆಂಡತಿ ಸವಳಂಗದವರು. ಮಾತು ಬಿಟ್ಟು ಎರಡು ತಿಂಗಳಾಗಿತ್ತು. ಆಕೆ ದಿನಾ ಓಡಿಸುತ್ತಿದ್ದ ಸ್ಕೂಟಿಯನ್ನು ಆತ ಒಂದು ಮಾತೂ ಕೇಳದೆ ಮಾರಿಬಿಟ್ಟಿದ್ದ. ಮದುವೆಗೆ ಆತ ಬೈಕಿನಲ್ಲಿ ಬಂದಿದ್ದ; ಆಕೆ ಬಸ್ಸು ಬದಲಿಸುತ್ತ ಬೇರೆಯಾಗಿಯೇ ಬಂದಿದ್ದಳು. ಇದನ್ನು ಬೆಳಿಗ್ಗೆ ಸೀರೆ ಉಡುವಾಗ ಆಕೆಯೇ ನನಗೆ ಹೇಳಿದ್ದಳು. ಇಡೀ ಗುಡ್ಡದ ಮೇಲೆ ಅವರಷ್ಟು ದೂರ ದೂರ ಕೂತ ಜೋಡಿ ಇನ್ನೊಂದಿರಲಿಲ್ಲ.

"ಇವರಿಬ್ಬರೂ ಕಟ್ಟಬಹುದಾ?" ಎಂದು ಹುಡುಗ ಅಜ್ಜಿಯನ್ನು ಕೇಳಿದ.

"ಕಟ್ಲಿ. ಇವರದು ಗಂಟು ಸಡ್ಲಾಗೈತೆ, ಬಿಗೀ ಆದ್ರೂ ಆಗ್ಲಿ" ಎಂದರು ಅಜ್ಜಿ.

ತಮ್ಮನ ಮದುವೆ ಎಂದು ಆಕೆ ಒಪ್ಪಿದಳು. ಮದುಮಗಳ ಬಳೆಗಳನ್ನು ಆಕೆಗೆ ತೊಡಿಸಿದೆವು, ತನ್ನ ತಾಳಿಯನ್ನು ಆಕೆ ಸೆರಗಿನೊಳಗೆ ಸರಿಸಿಕೊಂಡಳು. ಭಾವನಿಗೆ ಮದುಮಗನ ಶಲ್ಯ ಹೊದಿಸಿದೆವು. ಆತ್ಮೀಯರಿಗೆಲ್ಲ ಊಟಕ್ಕೆ ಹೋಗಲು ಹೇಳಿದ್ದರಿಂದ ಗುಡ್ಡದ ಮೇಲೆ ಅಂದು ಮೊದಲ ಸಲ ಜಾಗ ಸಿಕ್ಕಿತು. ನಾನು ಕ್ಯಾಮೆರಾ ಹಿಡಿದು ಹತ್ತಿರ ಹೋದೆ.

"ಕೂದ್ಲು ಎತ್ಕೋ" ಎಂದ ಭಾವ. ಎರಡು ತಿಂಗಳಲ್ಲಿ ಅದು ಮೊದಲ ಮಾತು.

ಆಕೆ ಕೂದಲು ಎತ್ತಿ ಹಿಡಿದಳು. "ಕೈ ಯಾಕೆ ನಡುಗ್ತೈತೆ?"

"ಗಾಳಿಗೆ."

"ಗಾಡಿ ಮಾರುವಾಗ ನಡುಗಲಿಲ್ಲ."

"ಅದರ ಬ್ರೇಕು ಹಿಡೀತಿರ್ಲಿಲ್ಲ. ಎಷ್ಟು ಸಲ ಹೇಳಿದೀನಿ. ಬಿದ್ದಿದ್ರೆ?"

"ರಿಪೇರಿ ಮಾಡಿಸಾಕೆ ಬರ್ತಿರ್ಲಿಲ್ವಾ?"

ಆತ ಒಂದು ಗಂಟು ಹಾಕಿದ, ಜಾರಿತು, ಮತ್ತೆ ಹಾಕಿದ. ಆಕೆ ತಲೆ ಬಗ್ಗಿಸಿ ತಾಳ್ಮೆಯಿಂದ ನಿಂತಿದ್ದಳು. "ಸೂಪರ್, ನ್ಯಾಚುರಲ್ಲಾಗಿ ಬರ್ತೈತೆ, ಮಾತಾಡಬ್ಯಾಡ್ರಿ ಅಷ್ಟೇ" ಎಂದ ಮ್ಯಾನೇಜರು. ನಾನು ತೆಗೆಯುತ್ತಲೇ ಇದ್ದೆ.

ಆ ಕೈಗಳ ಚಿತ್ರವೇ ಈಗ ದಾವಣಗೆರೆಯಲ್ಲಿ ಮದುಮಕ್ಕಳ ಮನೆಯ ಹಾಲಿನಲ್ಲಿ ಗೋಡೆಯಗಲ ನಿಂತಿದೆ. ಕೆಳಗೆ 'ನಮ್ಮಿಬ್ಬರ ಕ್ಷಣ' ಎಂದು ಬರೆಸಿದ್ದಾರೆ. ಭಾವನ ಹೆಬ್ಬೆರಳಿನ ಉಗುರು ಟ್ರ್ಯಾಕ್ಟರಿನ ಕೊಂಡಿಗೆ ಸಿಕ್ಕಿ ಕಪ್ಪಗಾಗಿತ್ತು. ಬ್ಯಾಂಕಿನವರ ಬೆರಳು ಹಾಗಿರುವುದಿಲ್ಲವಲ್ಲ, ಕಂಪ್ಯೂಟರಿನಲ್ಲಿ ತಿದ್ದಿಸಿಕೊಂಡರು. ಮನೆಗೆ ಬಂದವರೆಲ್ಲ ಎಂಥ ಪ್ರೀತಿ ಇದೆ ನೋಡಿ ಆ ಕೈಯಲ್ಲಿ ಎನ್ನುತ್ತಾರಂತೆ. ಮದುಮಗಳು ಹೌದೆಂದು ನಗುತ್ತಾಳಂತೆ. ಈಗ ಅವಳಿಗೂ ಅದು ತಮ್ಮದೇ ಎಂದು ನಂಬಿಕೆ ಬಂದಿದೆಯೋ ಏನೋ.

ಆಮೇಲೊಂದು ದಿನ ಆ ಸವಳಂಗದ ಅಕ್ಕ ಸ್ಟುಡಿಯೋಗೆ ಬಂದಳು. ಹೊರಗೆ ಭಾವ ಬೈಕು ಆರಿಸದೆ ಕಾಯುತ್ತಿದ್ದ. ಕೈಯ ಚಿತ್ರ ಕೊಡಲು ಹೋದೆ, ಬೇಡವೆಂದಳು. ಅವತ್ತು ತೆಗೆದ ಎಲ್ಲವನ್ನೂ ಪರದೆಯ ಮೇಲೆ ನೋಡುತ್ತ ಹೋಗಿ, ಮುಖಗಳೂ ಬಿದ್ದಿದ್ದ ಒಂದರ ಹತ್ತಿರ ನಿಂತಳು. ಅದರಲ್ಲಿ ಭಾವ ಬಾಯಿ ತೆರೆದು ಜಗಳವಾಡುತ್ತಿದ್ದಾನೆ, ಆಕೆ ಹುಬ್ಬು ಗಂಟಿಕ್ಕಿದ್ದಾಳೆ.

"ಇದು ಚೆನ್ನಾಗಿಲ್ಲ ಕಣಕ್ಕಾ" ಎಂದೆ.

"ಚೆನ್ನಾಗಿರೋದು ಅವರ ಗೋಡೆ ಮ್ಯಾಲೆ ಐತಲ್ರೀ" ಎಂದಳು.

ಹೊರಗೆ ಹಾರ್ನು ಕೂಗಿತು. ಆಕೆ ತಿರುಗಿ ನೋಡಲೂ ಇಲ್ಲ. ಪ್ರಿಂಟಿನ ಅಳತೆಗಳನ್ನೆಲ್ಲ ಒಂದೊಂದಾಗಿ ಕೇಳಿದಳು, ಫ್ರೇಮುಗಳನ್ನು ಕೆಳಗಿಳಿಸಿ ನೋಡಿದಳು, ಬಂದದ್ದು ಬಂದೆ, ಒಂದು ಪಾಸ್‌ಪೋರ್ಟ್ ಫೋಟೋನೂ ತೆಗೆದುಬಿಡ್ರಿ ಎಂದು ಸ್ಟೂಲಿನ ಮೇಲೆ ಕೂತಳು.