ತಹಶೀಲ್ದಾರರೋ, ಎಂಜಿನಿಯರರೋ

ನಾನು ಲಿಂಗಸುಗೂರಿಗೆ ಸೊಸೆಯಾಗಿ ಬಂದಾಗ ಅತ್ತೆ ತೀರಿಕೊಂಡು ಬಹಳ ದಿನವಾಗಿತ್ತು. ಮನೆಯಲ್ಲಿದ್ದವರು ಮಾವ ಮತ್ತು ನನ್ನ ಗಂಡ, ಇಬ್ಬರೂ ವಕೀಲರು. ಕೋರ್ಟು ಬಿಟ್ಟ ಮೇಲೆ ಇಬ್ಬರೂ ಊರಲ್ಲಿ ಇಂಗ್ಲಿಷರ ದಂಡು ಇದ್ದ ಕಾಲದ ಹಳೆಯ ಕ್ಲಬ್ಬಿಗೆ ಹೋಗಿ ಬಿಲಿಯರ್ಡ್ಸ್ ಆಡುತ್ತಿದ್ದರು. ಹೆಂಗಸರು ಅಲ್ಲಿಗೆ ಹೋಗುವಂತಿರಲಿಲ್ಲ. ಹಸಿರು ಬಟ್ಟೆ ಹೊದಿಸಿದ ಆ ಮೇಜನ್ನು ನಾನು ಇಂದಿಗೂ ಕಂಡಿಲ್ಲ. ಅದರ ಜಗಳ ಮಾತ್ರ ದಿನಾ ಊಟಕ್ಕೆ ಬರುತ್ತಿತ್ತು.

ಮಾವನವರ ಪ್ರಕಾರ ಲೋಕದಲ್ಲೇ ದೊಡ್ಡ ಆಟಗಾರರೆಂದರೆ ನಿಜಾಮರ ಕಾಲದ ಒಬ್ಬ ತಹಶೀಲ್ದಾರರು. ಊರ ವಕೀಲರನ್ನು ಕ್ಲಬ್ಬಿನ ವರಾಂಡದಲ್ಲೇ ನಿಲ್ಲಿಸುತ್ತಿದ್ದ ದಿನಗಳಲ್ಲಿ ಮಾವನವರ ಕೈ ಹಿಡಿದು ಒಳಗೆ ಕರೆದೊಯ್ದು ಆಟ ಕಲಿಸಿದವರು ಅವರೇ. ನಿಜಾಮರ ರಾಜ್ಯ ಹೋದ ಮೇಲೆ ಅವರೂ ಹೈದರಾಬಾದಿಗೆ ಹೋದರು. ನನ್ನ ಗಂಡನ ಪ್ರಕಾರ ದೊಡ್ಡವರು ಸಿಂಧನೂರಿನ ಕಡೆ ಕಾಲುವೆ ಕೆಲಸಕ್ಕೆ ಬಂದಿದ್ದ ಎಂಜಿನಿಯರರು. ಅವರು ಭಾನುವಾರ ಜೀಪಿನಲ್ಲಿ ಬಂದು ಆಡಿ ಹೋಗುತ್ತಿದ್ದರು.

ಒಂದು ಭಾನುವಾರ ಮಾವನವರು ಆ ಎಂಜಿನಿಯರರನ್ನೇ ಆಟಕ್ಕೆ ಕರೆದು ಹೀನಾಯವಾಗಿ ಸೋತರು. ಮನೆಗೆ ಬಂದು ತಾಟಿನ ಮುಂದೆ ಕೂತಾಗಲೂ ಮುಖ ಕೆಂಪಗಿತ್ತು.

“ನಿಮ್ಮಪ್ಪ ಸೋತಾಗ ಚಪ್ಪಾಳಿ ಹೊಡದಿ ಅಲ್ಲಲೇ?” ಎಂದು ಮಗನನ್ನು ಕೇಳಿದರು.

“ಆಟ ಛಲೋ ಇತ್ತು, ಹೊಡದೆ. ನಿಮ್ಮ ತಹಶೀಲ್ದಾರರು ಇದ್ದಿದ್ರ ಅವರೂ ಸೋಲ್ತಿದ್ರು.”

“ಅವರ ಸುದ್ದಿ ತಗೀಬ್ಯಾಡ.”

“ಯಾಕ ತಗೀಬಾರದು? ಅವರ ಮುಂದ ಎಲ್ಲಾರೂ ಬೇಕಂತ ಸೋಲ್ತಿದ್ರು. ಗೆದ್ದದ್ದು ಅವರ ಕುರ್ಚಿ.”

ಮಾವನವರ ದನಿ ಇಳಿಯಿತು. “ಹಂಗಾದ್ರ ನಾನೂ ಬೇಕಂತ ಸೋಲ್ತಿದ್ದೆ ಅಂತೀ?”

“ಅದು ನಿಮಗ ಗೊತ್ತು.”

ಮಾವನವರು ತಾಟು ಸರಿಸಿ ಎದ್ದರು. ಮರುದಿನವೇ ಮಸ್ಕಿಯ ಮಗಳ ಮನೆಗೆ ಹೋಗಿ ಅಲ್ಲೇ ಉಳಿದುಬಿಟ್ಟರು.

ಮುಂದೆ ಎಂಜಿನಿಯರರಿಗೂ ವರ್ಗವಾಯಿತು. ಈಗಲಾದರೂ ಸರಿಹೋದೀತೆಂದು ನಾನು ಹಟ ಹಿಡಿದು, ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು, ಗಂಡನನ್ನು ಮಸ್ಕಿಯ ಬಸ್ಸು ಹತ್ತಿಸಿ ನಾನೂ ಹತ್ತಿದೆ. ಮಾವನವರು ಕಟ್ಟೆಯ ಮೇಲೆ ಕೂತಿದ್ದರು.

“ಬಾರವ್ವ, ಅರಾಮಿದ್ದೀ?” ಎಂದು ನನ್ನನ್ನು ಕೇಳಿದರು. ಮಗನ ಕಡೆ ತಿರುಗಿ, “ಈಗ ಹೇಳು. ಯಾರು ದೊಡ್ಡವರು?” ಎಂದರು.

ಸುಮ್ಮನಿರಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಇವರು ನನ್ನ ಕಡೆ ನೋಡಲೇ ಇಲ್ಲ. “ಎಂಜಿನಿಯರು,” ಎಂದರು.

ಮಾವನವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾದಿನಿ ಎಷ್ಟು ಬಡಿದರೂ ತೆಗೆಯಲಿಲ್ಲ.

“ಒಂದು ಸುಳ್ಳು ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ರೀ?” ಎಂದು ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ.

“ಸುಳ್ಳಂತ ಅವರಿಗೆ ತಿಳೀತಿತ್ತು.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎದ್ದು ಹೋಗಿ ಮುಂದಿನ ಸೀಟಿನಲ್ಲಿ ಕೂತೆ. ಊರು ಬರುವತನಕ ತಿರುಗಿ ನೋಡಲಿಲ್ಲ.

ನಮ್ಮ ಕೂಸಿಗೆ ಹೆಸರಿಡುವ ದಿನ ಮಾವನವರು ಬಂದರು. ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡರು, ಹೋಳಿಗೆ ಕೇಳಿ ಹಾಕಿಸಿಕೊಂಡು ಉಂಡರು. ಮಗ ತಂಬಿಗೆ ನೀರು ತಂದು ಹಿಡಿದಾಗ ಮುಖ ತಿರುಗಿಸಿ, “ನೀ ಕೊಡವ್ವ,” ಎಂದು ನನಗೆ ಹೇಳಿದರು.