ತಂತಿ ಇಲ್ಲದ ಚೌಕಟ್ಟು

ಜೇನುಪೆಟ್ಟಿಗೆಯ ಚೌಕಟ್ಟಿಗೆ ಅಡ್ಡಡ್ಡ ತಂತಿ ಬಿಗಿಯುವುದು, ಕರೆಂಟಿನ ತಂತಿಯ ಮೇಲೆ ಗುಬ್ಬಿ ಕೂತಂತೆ ಹುಳಗಳು ಸಾಲಾಗಿ ಕೂರಲಿ ಎಂದೇ ಅಂತ ಕಾಂತೇಶ ಬಹಳ ದಿನ ನಂಬಿದ್ದ. ರಾಮದುರ್ಗದ ಬಡಗಿ ಅಂಗಡಿಯಲ್ಲಿ ದಿನಗೂಲಿಗೆ ಆ ಚೌಕಟ್ಟುಗಳನ್ನು ಹೊಡೆಯುತ್ತಿದ್ದವನೂ ಅವನೇ. ಪಾಪ, ಹುಳ ಜೋಲಿ ತಪ್ಪಬಾರದೆಂದು ಒಂದೊಂದು ತಂತಿಯನ್ನೂ ಬೆರಳಿನಿಂದ ಮೀಟಿ ನೋಡುತ್ತಿದ್ದ.

ಆ ಭ್ರಮೆ ಬಿಡಿಸಿದವಳು ಸುರೇಬಾನದ ಪ್ರಜ್ಞಾ.

"ಜೇನುಹುಟ್ಟು ಬೀಳಬಾರದಂತ ತಂತಿ ಹಾಕೂದು, ತಮ್ಮಾ. ಮಷೀನಿನ್ಯಾಗ ತಿರುವಿ ಜೇನುತುಪ್ಪ ತಗಿಯೋರಿಗೆ ಅದು ಬೇಕು. ನಾ ಹುಟ್ಟನ್ನ ಹಂಗ ಕೊಯ್ದು ಮಾರಾಕಿ. ತಿನ್ನೋರ ಹಲ್ಲಾಗ ತಂತಿ ಸಿಗಬಾರದು. ತಂತಿ ಇಲ್ದಾವ ಮಾಡಿಕೊಡು."

"ಬ್ಯಾಸಗಿ ಐತ್ರಿ ಅಕ್ಕಾರ, ತಂತಿ ಇಲ್ದ ನಿಲ್ಲೂದಿಲ್ರಿ," ಎಂದ ಕಾಂತೇಶ, ಆಗಷ್ಟೇ ಕಲಿತದ್ದನ್ನು ಕಲಿಸಿದವಳಿಗೇ ಒಪ್ಪಿಸುತ್ತ.

"ಹುಳದ ಸಾಲಿ ಮಾಸ್ತರ, ಸುಮ್ನ ಮೊಳಿ ಹೊಡಿ."

ಪ್ರಜ್ಞಾ ಹೊಲಿಗೆ ಮಷೀನು ಮಾರಿ ಪೆಟ್ಟಿಗೆ ತಂದವಳು. ಈ ಸಲದ ಸೂರ್ಯಕಾಂತಿ ಹೂವಿನ ಜೇನೂ ಮಾರಾಟವಾಗದಿದ್ದರೆ ಪೆಟ್ಟಿಗೆಗಳನ್ನೂ ಮಾರಿಬಿಡುವುದೆಂದು ಮನೆಯಲ್ಲಿ ಮಾತಾಗಿತ್ತು.

ಎರಡನೆಯ ಕಂತಿನ ಚೌಕಟ್ಟುಗಳನ್ನು ಹೊತ್ತು ಕಾಂತೇಶ ಸುರೇಬಾನದಲ್ಲಿ ಬಸ್ಸಿಳಿದಾಗ ಬಿಸಿಲು ನೆತ್ತಿಗೇರಿತ್ತು. ಮನೆಯೊಳಗೆ ಬುದ್ಧನ ಪಟದ ಕೆಳಗೆ, ಹೋದ ವರ್ಷ ಅವಳು ತುಂಬಿಟ್ಟ ಜೇನಿನ ಬಾಟಲಿಗಳು ಮುಚ್ಚಳ ಸಹ ತೆಗೆಯದೆ ಧೂಳು ಹಿಡಿದಿದ್ದವು. ಹಿತ್ತಲಲ್ಲಿ ಒಂದು ಪೆಟ್ಟಿಗೆ ತೆರೆದಿತ್ತು. ಹುಳಗಳು ಮೇಣದಿಂದ ಕೋಶಗಳ ಬಾಯಿ ಮುಚ್ಚಿ ಮುಗಿಸಿದ್ದ ಹುಟ್ಟು ಸೆಖೆಗೆ ಮೆತ್ತಗಾಗಿ, ಚೌಕಟ್ಟಿನಿಂದ ಕಳಚಿ ಬಿದ್ದಿತ್ತು. ಜೇನಿನಲ್ಲಿ ಮುಳುಗಿ ಒದ್ದಾಡುವ ಹುಳಗಳನ್ನು ಪ್ರಜ್ಞಾ ಕೋಳಿಯ ಪುಕ್ಕದಿಂದ ಒಂದೊಂದಾಗಿ ಎತ್ತುತ್ತಿದ್ದಳು.

ತಾನು ಹೇಳಿದ್ದೇ ಆಯಿತಲ್ಲ ಎಂಬ ಹಿಗ್ಗು ಕಾಂತೇಶನಿಗೆ ಮೊದಲು ಬಂತು. ನಾಚಿಕೆ ಆ ಊರಿನ ಬಸ್ಸಿನ ಹಾಗೆ ತಡವಾಗಿ ಬಂತು. ಬಂದರೂ ಬಾಯಿ ನಿಲ್ಲಲಿಲ್ಲ.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಎಲ್ಲಾರಂಗ ತಂತೀದು ಹಾಕಿ ಬಾಟಲಿ ತುಂಬಿದ್ರ ಈ ತ್ರಾಸ ಇರ್ತಿತ್ತೇನ್ರಿ? ಯಾಕ ಇಷ್ಟು ಹಟ? ಒಳಗಿನ ಬಾಟಲಿ ಯಾಕ ಹಂಗ ಉಳದಾವ?"

ಪ್ರಜ್ಞಾ ಪುಕ್ಕ ಕೆಳಗಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ನಮ್ಮ ಓಣ್ಯಾಗ, ನಮ್ಮ ಜಾತಿಯವರ ಕೈಲೆ ತುಂಬಿದ್ದಂತ ಗೊತ್ತಾದ ಮ್ಯಾಲ ಊರಾಗ ಒಬ್ರೂ ತಗೊಳ್ಳಿಲ್ಲ. ಹುಳ ಮುಚ್ಚಿದ್ದಾದ್ರ, ಒಳಗ ನಮ್ಮ ಕೈ ತಾಗಿಲ್ಲಂತ ತಗೋತಾರ. ಬಿದ್ದದ್ದು ಬೀಳಲಿ, ಉಳದಷ್ಟ ಮಾರತೇನಿ. ತಂದಾವ ನೆಳ್ಳಾಗ ಇಡು."